ಲಕೋಟ ಸೂ ಜನರ ಹಳೆಯ ಮಣಿ ಚೀಲ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಆಂಟಿಕ್ ಅಂಗಡಿಯಲ್ಲೋ, ಯಾರದೋ ಮನೆ ಖಾಲಿ ಮಾಡುವ ಎಸ್ಟೇಟ್ ಸೇಲ್‌ನಲ್ಲೋ ಮಣಿ ಹೊಲಿದ ಹಳೆ ತೊಗಲಿನ ಚೀಲ ನೋಡುತ್ತಾರೆ. ಚೀಟಿಯಲ್ಲಿ "ಸೂ, 1880" ಅಂತ ಬರೆದಿರುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಇದು ನಿಜವಾ? ಕೊಳ್ಳಬಹುದಾ? ಊರಿಗೆ ತರಬಹುದಾ? ಇಲ್ಲಿರುವುದು ಅಂಥ ಪ್ರಶ್ನೆಗಳಿಗೆ ಉತ್ತರ. ಮಾರುವವರ ಮಾತು ಬದಿಗಿಟ್ಟು ಚರ್ಮ, ದಾರ, ಹೊಲಿಗೆ, ಮಣಿ ಇವನ್ನು ನೋಡಲು ಕಲಿತರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಸೂ ಅಂದರೆ ಯಾರು? ಕೆಲವು ಕಡೆ ಲಕೋಟ, ಡಕೋಟ ಅಂತಲೂ ಇರುತ್ತದಲ್ಲ?

ಉತ್ತರ ಅಮೆರಿಕದ ನಡುಭಾಗದ ಹುಲ್ಲುಬಯಲಿನ ಮೂಲನಿವಾಸಿಗಳು. ಏಳು ಬಣಗಳ ಒಕ್ಕೂಟ ಇವರದು, ಅದನ್ನು ಅವರು ಒಚೇತಿ ಶಕೋವಿನ್ ಅನ್ನುತ್ತಾರೆ. ಪಶ್ಚಿಮದ ಬಣದವರು ಲಕೋಟ, ಪೂರ್ವದವರು ಡಕೋಟ. 'ಸೂ' ಹೊರಗಿನವರು ಇಟ್ಟ ಹೆಸರು. ಆದರೂ ರೋಸ್‌ಬಡ್ ಸೂ ಟ್ರೈಬ್, ಓಗ್ಲಾಲಾ ಸೂ ಟ್ರೈಬ್ ಅಂತ ಅಧಿಕೃತ ಹೆಸರುಗಳಲ್ಲಿ ಅದೇ ಉಳಿದಿದೆ, ಹರಾಜಿನ ಕ್ಯಾಟಲಾಗ್‌ಗಳಲ್ಲೂ ಅದೇ. ಮಾರುಕಟ್ಟೆಗೆ ಬರುವ ಮಣಿ ಚೀಲಗಳಲ್ಲಿ ಜಾಸ್ತಿ ಲಕೋಟ ಕೆಲಸವೇ. ಹಾಗಾಗಿ ಇಲ್ಲಿ ಹೆಚ್ಚಾಗಿ ಲಕೋಟ ಅಂತಲೇ ಬರೆಯುತ್ತೇನೆ.

ಎಲ್ಲ ಚೀಲಗಳೂ ಒಂದೇ ಬಗೆಯವಾ?

ಅಲ್ಲ. ಎರಡು ಬಗೆ ಪದೇ ಪದೇ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಟೀಪಿ ಚೀಲ. ಟೀಪಿ ಅಂದರೆ ಅವರ ಶಂಕುವಿನಾಕಾರದ ಡೇರೆ. ಸುಮಾರು ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಮೆತ್ತನೆ ತೊಗಲಿನ ಚೀಲ, ಮೇಲೆ ಮಡಚುವ ಮುಚ್ಚಳ. ಬಟ್ಟೆಬರೆ, ಹೊಲಿಗೆ ಸಾಮಾನು, ಏನು ಬೇಕಾದರೂ ತುಂಬುತ್ತಿದ್ದರು. ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ 'ಪಾಸಿಬಲ್ ಬ್ಯಾಗ್' ಅಂತಲೂ ಹೆಸರು. ಸಾಮಾನ್ಯವಾಗಿ ಜೋಡಿಯಾಗಿ ಮಾಡುತ್ತಿದ್ದರು. ಡೇರೆ ಕಿತ್ತು ಹೊರಟಾಗ ಕುದುರೆಯ ಎರಡು ಬದಿಗೆ ಒಂದೊಂದು. ಮಣಿ ಇರುವುದು ಮುಂಭಾಗ, ಮುಚ್ಚಳ ಮತ್ತು ಎರಡು ಪಕ್ಕಗಳಲ್ಲಿ. ಹಿಂಭಾಗ ಬರೀ ತೊಗಲು. "ಹಿಂದೆ ಏನೂ ಇಲ್ಲ, ಕೆಲಸ ಅರ್ಧಕ್ಕೆ ಬಿಟ್ಟಿದ್ದಾರಾ?" ಅಂತ ಕೇಳುವವರಿದ್ದಾರೆ. ಇಲ್ಲ. ಕುದುರೆಯ ಮೈಗೋ ಡೇರೆಯ ಗೋಡೆಗೋ ಒರಗುವ ಕಡೆ ಮಣಿ ಹಾಕಿ ಏನು ಪ್ರಯೋಜನ?

ಎರಡನೆಯದು ಪೈಪ್ ಚೀಲ. ಉದ್ದ, ಕಿರಿದು. ಕೆಳಗಿನ ಕುಚ್ಚೂ ಸೇರಿದರೆ ಮೂರಡಿಯವರೆಗೂ ಬರುತ್ತದೆ. ಮೇಲೆ ಖಾಲಿ ತೊಗಲು, ಅದರ ಕೆಳಗೆ ಮಣಿಯ ಪಟ್ಟಿ, ಅದಕ್ಕೂ ಕೆಳಗೆ ಮುಳ್ಳುಹಂದಿ ಮುಳ್ಳು ಸುತ್ತಿದ ಗಟ್ಟಿ ತೊಗಲಿನ ಕಡ್ಡಿಗಳು, ಕೊನೆಗೆ ಕುಚ್ಚು. ಪ್ರಾರ್ಥನೆಯ ಪೈಪು ಮತ್ತು ತಂಬಾಕು ಇಡುವ ಚೀಲ ಇದು. ಟೀಪಿ ಚೀಲ ಮನೆಬಳಕೆಯದು, ಇದಕ್ಕೆ ಬೇರೆಯೇ ಮರ್ಯಾದೆ. ಈ ವ್ಯತ್ಯಾಸ ಮುಂದೆ ಕಾನೂನಿನ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಇವಲ್ಲದೆ ಬೆಂಕಿ ಹೊತ್ತಿಸುವ ಚಕಮಕಿಯ ಪುಟ್ಟ ಚೀಲ, ಚಾಕುವಿನ ಒರೆ, ಮಗುವಿನ ಹೊಕ್ಕುಳಬಳ್ಳಿ ಇಡುವ ಆಮೆ ಅಥವಾ ಹಲ್ಲಿ ಆಕಾರದ ತಾಯಿತ ಕೂಡ ಸಿಗುತ್ತವೆ.

ಯಾವ ಪ್ರಾಣಿಯ ಚರ್ಮ? ಇಷ್ಟು ವರ್ಷವಾದರೂ ಹೇಗೆ ಮೆತ್ತಗಿದೆ?

ಬೈಸನ್ ಅನ್ನುವ ಅಮೆರಿಕದ ಕಾಡುಕೋಣ, ಎಲ್ಕ್, ಜಿಂಕೆ. ಬೈಸನ್ ಹಿಂಡುಗಳು ಇಲ್ಲವಾದ ಮೇಲೆ ದನದ ಚರ್ಮ. ಮಾಂಸ, ಕೂದಲು ಹೆರೆದು ತೆಗೆದು, ಅದೇ ಪ್ರಾಣಿಯ ಮಿದುಳನ್ನು ಅರೆದು ತೊಗಲಿಗೆ ತಿಕ್ಕುತ್ತಿದ್ದರು. ಆಮೇಲೆ ಒಣಗುವವರೆಗೂ ಬಿಡದೆ ಎಳೆಯುವುದು, ತಿರುಚುವುದು, ಮತ್ತೆ ಎಳೆಯುವುದು. ರಟ್ಟೆ ಬಿದ್ದುಹೋಗುವ ಕೆಲಸ. ಬಹಳ ಸಲ ಕೊನೆಯಲ್ಲಿ ಹೊಗೆ ಕೊಡುತ್ತಿದ್ದರು. ಹೊಗೆ ಹಿಡಿದ ತೊಗಲು ನೀರಲ್ಲಿ ನೆಂದರೂ ಒಣಗಿದ ಮೇಲೆ ಸೆಟೆದುಕೊಳ್ಳುವುದಿಲ್ಲ. ಕೆಲವು ಹಳೆ ಚೀಲಗಳಲ್ಲಿ ಆ ಹೊಗೆ ವಾಸನೆ ಇವತ್ತಿಗೂ ಇರುತ್ತದೆ.

ಹೀಗೆ ಹದ ಮಾಡಿದ ತೊಗಲು ಎರಡೂ ಬದಿಗೆ ಮಖಮಲ್ಲಿನಂತೆ ನವಿರು. ಕಾರ್ಖಾನೆಯ ಚರ್ಮಕ್ಕೆ ಹಾಗಲ್ಲ, ಬಹುತೇಕ ಒಂದು ಬದಿ ನುಣುಪಾಗಿ ಹೊಳೆಯುತ್ತಿರುತ್ತದೆ.

ಗಾಜಿನ ಮಣಿ ಅವರಿಗೆ ಎಲ್ಲಿಂದ ಸಿಕ್ಕಿತು?

ಯುರೋಪಿನಿಂದ. ಮೊದಲು ಹೆಚ್ಚಾಗಿ ವೆನಿಸ್‌ನಿಂದ, 19ನೇ ಶತಮಾನದ ಕೊನೆಯ ಭಾಗದಲ್ಲಿ ಬೊಹೀಮಿಯಾದಿಂದಲೂ (ಈಗಿನ ಚೆಕ್ ದೇಶ) ಬಂದವು. ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ, ಸೇಂಟ್ ಲೂಯಿಸ್ ತಲುಪಿ, ಮಿಸೌರಿ ನದಿಯ ದೋಣಿಗಳಲ್ಲಿ ಮೇಲಕ್ಕೆ ಹೋಗಿ ಫೋರ್ಟ್ ಯೂನಿಯನ್, ಫೋರ್ಟ್ ಪಿಯರ್‌ನಂಥ ವ್ಯಾಪಾರದ ಕೋಟೆಗಳಿಗೆ ಸೇರುತ್ತಿದ್ದವು. ಅಲ್ಲಿ ಬೈಸನ್ ತೊಗಲು ಕೊಟ್ಟು ಮಣಿ ತರುವುದು.

1800ರಿಂದ ಸುಮಾರು 1850ರವರೆಗೆ ಬಳಸಿದ್ದು ಮೂರು ನಾಲ್ಕು ಮಿಲಿಮೀಟರ್ ದಪ್ಪದ 'ಪೋನಿ' ಮಣಿ, ಹೆಚ್ಚಾಗಿ ನೀಲಿ ಮತ್ತು ಬಿಳಿ. ಆಮೇಲೆ ಸಾಸಿವೆಯಂಥ ಸಣ್ಣ 'ಸೀಡ್' ಮಣಿ ಬಂತು, ಬಣ್ಣಗಳ ಸಾಲೇ ತೆರೆದುಕೊಂಡಿತು. ಜಿಡ್ಡು ಹಳದಿ, ಒಳಗೆ ಬಿಳಿ ಹೊರಗೆ ಕೆಂಪು ಇರುವ 'ವೈಟ್ ಹಾರ್ಟ್', ಸುಣ್ಣದಂಥ ಬಿಳಿ, ತಿಳಿ ಆಕಾಶನೀಲಿ, ಕಡುನೀಲಿ, ಹಸಿರು. 1880ರ ನಂತರ ಮುಖ ಕೊರೆದ ಲೋಹದ ಮಣಿಗಳೂ ಸೇರಿದವು. ದೀಪದ ಬೆಳಕಿಗೆ ಅವು ಮಿನುಗುತ್ತವೆ. ಚೀಲದಲ್ಲಿ ಅವು ಹೊಲಿಗೆಯ ಭಾಗವಾಗಿಯೇ ಇದ್ದರೆ 1860ರ ಚೀಲ ಅಂತ ಯಾರಾದರೂ ಹೇಳಿದಾಗ ನಂಬಬೇಡಿ.

ಮಣಿ ಬರುವ ಮೊದಲು ಏನಿತ್ತು?

ಮುಳ್ಳುಹಂದಿಯ ಮುಳ್ಳು. ಬಣ್ಣ ಹಾಕಿ, ಬಾಯಲ್ಲಿ ನೆನೆಸಿ, ಹಲ್ಲಿನಿಂದ ಚಪ್ಪಟೆ ಮಾಡಿ ತೊಗಲಿಗೆ ಹೊಲಿಯುತ್ತಿದ್ದರು. ಇದು ಪವಿತ್ರ ವಿದ್ಯೆ. ಲಕೋಟ ನಂಬಿಕೆಯಂತೆ, ಕನಸಿನಲ್ಲಿ ಬರುವ 'ಜೋಡಿ ಹೆಣ್ಣು' ಅನ್ನುವ ದೈವ ಇದನ್ನು ಹೆಂಗಸರಿಗೆ ಕೊಟ್ಟಳು. ಈ ಕೆಲಸದಲ್ಲಿ ನುರಿತ ಹೆಂಗಸಿಗೆ, ಯುದ್ಧದಲ್ಲಿ ಹೆಸರು ಮಾಡಿದ ಗಂಡಸಿಗೆ ಸಿಗುವಂಥದೇ ಗೌರವ ಇತ್ತು. ಮಣಿ ಬಂದ ಮೇಲೂ ಮುಳ್ಳಿನ ಕೆಲಸ ನಿಲ್ಲಲಿಲ್ಲ, ಪೈಪ್ ಚೀಲದ ಕೆಳಭಾಗ ನೋಡಿದರೆ ಗೊತ್ತಾಗುತ್ತದೆ.

ಹೊಲಿಗೆಯಲ್ಲಿ ಏನು ವಿಶೇಷ?

ಚೀಲವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಣಿಯ ಮೈ ಸಪಾಟಾಗಿರುವುದಿಲ್ಲ. ಉಳುಮೆ ಮಾಡಿದ ಹೊಲದ ಸಾಲುಗಳಂತೆ ಉಬ್ಬು ಉಬ್ಬಾಗಿ ಇರುತ್ತದೆ. ಇದು ಲೇನ್ ಸ್ಟಿಚ್. ಸಾಮಾನ್ಯವಾಗಿ ಏಳರಿಂದ ಹತ್ತು ಮಣಿ ದಾರಕ್ಕೆ ಪೋಣಿಸಿ, ಎರಡು ತುದಿಯಲ್ಲಿ ಮಾತ್ರ ತೊಗಲಿಗೆ ಹಿಡಿಸುತ್ತಾರೆ. ನಡುವೆ ಹೊಲಿಗೆ ಇಲ್ಲ. ಅದಕ್ಕೇ ಮಣಿಗಳು ಸ್ವಲ್ಪ ಕಮಾನಿನಂತೆ ಎದ್ದಿರುತ್ತವೆ. ಒಂದರ ಪಕ್ಕ ಒಂದು ಹೀಗೆ ಹೊಲಿಯುತ್ತಾ ಹೋದರೆ ಒಂದು ಪಟ್ಟಿ, ಅದರ ಕೆಳಗೆ ಇನ್ನೊಂದು ಪಟ್ಟಿ.

ದಾರ ಅಂದೆನಲ್ಲ, ಅದು ಹತ್ತಿಯದಲ್ಲ. ಬೈಸನ್ ಅಥವಾ ಜಿಂಕೆಯ ಬೆನ್ನಿನುದ್ದಕ್ಕೂ ಇರುವ ನರವನ್ನು (ಸ್ನಾಯುವಿನ ಗಟ್ಟಿ ನಾರು, ಇಂಗ್ಲಿಷಿನ ಸಿನ್ಯೂ) ಒಣಗಿಸಿ, ಎಳೆ ಎಳೆಯಾಗಿ ಸೀಳಿ, ಬಾಯಲ್ಲಿ ಒದ್ದೆ ಮಾಡಿ ಬಳಸುತ್ತಿದ್ದರು. ಒಣಗಿದಾಗ ಅದು ಬಿಗಿಯುತ್ತದೆ, ಹೊಲಿಗೆ ಗಟ್ಟಿಯಾಗುತ್ತದೆ. ಚೂಪು ಮೊನೆಯ ಸಲಕರಣೆಯಿಂದ ತೂತು ಮಾಡಿ, ಆ ನರದ ಎಳೆಯ ಗಡಸು ತುದಿಯನ್ನೇ ಸೂಜಿಯಂತೆ ತೂರಿಸುವುದು. ಈಗ ನನಗೆ ಅತ್ಯಂತ ಇಷ್ಟವಾದ ವಿಷಯ: ಆ ತೂತು ತೊಗಲಿನ ಆಚೆ ಬದಿಗೆ ಬರುವುದೇ ಇಲ್ಲ. ತೊಗಲಿನ ದಪ್ಪದೊಳಗೇ ಹೊಕ್ಕು ಹೊರಬರುತ್ತದೆ. ಚೀಲದ ಒಳಗೆ ಕೈ ಹಾಕಿದರೆ ಹೊಲಿಗೆಯ ಸುಳಿವೇ ಸಿಗದು. ಸಾವಿರಾರು ಮಣಿ ಹೊರಗೆ, ಒಳಗೆ ನುಣ್ಣನೆ ತೊಗಲು. ಒಂದೊಂದು ಹೊಲಿಗೆಯಲ್ಲೂ ಆ ಆಳ ತಪ್ಪಬಾರದು.

ಇಂಥ ಕೆಲಸಕ್ಕೆ ಒಳ್ಳೆಯ ಕಾಲ ಯಾವುದು?

ಅವರ ಅತಿ ಕೆಟ್ಟ ಕಾಲವೇ. ಸಿಗುವ ಚೀಲಗಳಲ್ಲಿ ಬಹುಪಾಲು 1880ರಿಂದ 1910ರ ನಡುವಿನವು. ಮಣಿ ಅತಿ ದಟ್ಟವಾಗಿ, ವಿನ್ಯಾಸ ಅತಿ ತುಂಬಿಕೊಂಡು ಬಂದದ್ದು ಆಗಲೇ.

ಆಗ ಏನಾಗುತ್ತಿತ್ತು ನೋಡಿ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಸೇರಿದಂತೆ ದೊಡ್ಡ ಪ್ರದೇಶ ಸೂ ಜನರದ್ದೇ ಅಂತ ಅಮೆರಿಕ ಸರ್ಕಾರ ಒಪ್ಪಿತ್ತು. ಅಲ್ಲಿ ಚಿನ್ನ ಸಿಕ್ಕಿತು. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟ ಮತ್ತು ಶೈಯನ್ ಬುಡಕಟ್ಟಿನ ಯೋಧರು ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್‌ನ ಪಡೆಯನ್ನು ಸೋಲಿಸಿದರು. ಮರುವರ್ಷವೇ ಬ್ಲ್ಯಾಕ್ ಹಿಲ್ಸ್ ಕೈತಪ್ಪಿತು. 1883ರ ಹೊತ್ತಿಗೆ ಉತ್ತರದ ಬೈಸನ್ ಹಿಂಡು ಮುಗಿದಿತ್ತು. ಅದೇ ವರ್ಷ ಸೂರ್ಯನೃತ್ಯದಂಥ ಆಚರಣೆಗಳನ್ನು ಅಪರಾಧ ಅನ್ನುವ ನಿಯಮ ಬಂತು. 1889ರಲ್ಲಿ ಉಳಿದ ನೆಲವನ್ನೂ ಪೈನ್ ರಿಜ್, ರೋಸ್‌ಬಡ್, ಸ್ಟ್ಯಾಂಡಿಂಗ್ ರಾಕ್, ಶೈಯನ್ ರಿವರ್, ಲೋವರ್ ಬ್ರೂಲ್, ಕ್ರೋ ಕ್ರೀಕ್ ಅಂತ ಆರು ಮೀಸಲು ಪ್ರದೇಶಗಳಾಗಿ ತುಂಡು ಮಾಡಿದರು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಹಳ್ಳದ ಬಳಿ ಸೈನ್ಯ ನೂರಾರು ಲಕೋಟರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಬಹಳ.

ಅಲೆದಾಡುವ ಬದುಕು ನಿಂತಿತು. ಬೇಟೆ ಇಲ್ಲ, ಸರ್ಕಾರ ಕೊಡುವ ಪಡಿತರವೇ ಗತಿ. ಮಣಿ ಮಾತ್ರ ಹತ್ತಿರದ ಅಂಗಡಿಯಲ್ಲೇ ಸಿಗುತ್ತಿತ್ತು. ಗಂಡಸರ ಕೆಲಸ ಕೈಬಿಟ್ಟಿತ್ತು, ಹೆಂಗಸರದ್ದು ಕೈಬಿಟ್ಟಿರಲಿಲ್ಲ. ಅವರು ಹೊಲಿದರು. ಆಚರಣೆಗೆ ನಿಷೇಧ ಇದ್ದರೂ ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ ಸೇರಿ ಕುಣಿಯಲು ಅಧಿಕಾರಿಗಳು ಬಿಡುತ್ತಿದ್ದರು. ಜನ ಆ ದಿನವನ್ನೇ ತಮ್ಮದು ಮಾಡಿಕೊಂಡರು. ಆವತ್ತು ಮಕ್ಕಳಿಗೆ ಹೆಸರಿಡುವುದು, ಹಿರಿಯರನ್ನು ಗೌರವಿಸುವುದು, ಕೈಯಾರೆ ಮಾಡಿದ್ದನ್ನು ದಾನ ಕೊಡುವುದು. ಆ ಕಾಲದ ಚೀಲಗಳ ಮೇಲೆ ಅಮೆರಿಕದ ಬಾವುಟ ಕಂಡರೆ ಬರೀ ದೇಶಭಕ್ತಿ ಅಂತ ಓದಿಬಿಡಬೇಡಿ. ಕೆಲವರಿಗೆ ಅದು ಯುದ್ಧದಲ್ಲಿ ಕಿತ್ತುಕೊಂಡ ಶತ್ರುವಿನ ಚಿಹ್ನೆ, ಕೆಲವರಿಗೆ ಅಧಿಕಾರಿಗಳ ಕಣ್ಣು ತಪ್ಪಿಸುವ ಉಪಾಯ, ಇನ್ನು ಕೆಲವರಿಗೆ ಸುಮ್ನೆ ಕಣ್ಣಿಗೆ ಹಿಡಿಸಿದ ಪಟ್ಟೆಗಳು.

ಮಾಡಿದವರ ಹೆಸರು ಯಾಕೆ ಇರುವುದಿಲ್ಲ?

ಕೊಂಡವರು ಕೇಳಲಿಲ್ಲ, ಅಷ್ಟೇ. ಸೈನ್ಯದ ಅಧಿಕಾರಿ, ವ್ಯಾಪಾರಿ, ಪಾದ್ರಿ ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದರು, ಹೊಲಿದವಳದ್ದನ್ನು ಬಿಟ್ಟರು. ಊರಿನವರಿಗೆ ಮಾತ್ರ ಕೈಗುಣ ನೋಡಿಯೇ ಯಾರ ಕೆಲಸ ಅಂತ ಗೊತ್ತಿತ್ತು.

ಹೆಸರು ಉಳಿದವರೂ ಇದ್ದಾರೆ. ಸ್ಟ್ಯಾಂಡಿಂಗ್ ರಾಕ್‌ನ ನೆಲ್ಲಿ ಟೂ ಬೇರ್ ಗೇಟ್ಸ್ (1854–1935) ಅವರಲ್ಲೊಬ್ಬರು. ಯಾಂಕ್ಟನೈ ಡಕೋಟ ಮುಖಂಡನ ಮಗಳು. ಆಗ ಪೇಟೆಯಲ್ಲಿ ಸಿಗುತ್ತಿದ್ದ ಪ್ರಯಾಣದ ಕೈಚೀಲಗಳ ರೂಪ ತೆಗೆದುಕೊಂಡು, ಮೈತುಂಬ ಮಣಿ ಹೊಲಿದು, ಮದುವೆ, ಕುದುರೆ, ಡೇರೆ, ದಿಬ್ಬಣದ ಚಿತ್ರ ತುಂಬಿ ನೆಂಟರಿಷ್ಟರಿಗೆ ಉಡುಗೊರೆ ಕೊಡುತ್ತಿದ್ದರು. ಅವರ ಒಂದು ಕೈಚೀಲ ಮಿನಿಯಾಪೊಲಿಸ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್‌ನಲ್ಲಿದೆ. ಆ ಕಡೆ ಇರುವವರು ಒಂದು ಭಾನುವಾರ ಹೋಗಿ ನೋಡಿ ಬನ್ನಿ.

ವಿನ್ಯಾಸಕ್ಕೆ ಅರ್ಥ ಇದೆಯಾ?

ಮಾರುವವರು ಪ್ರತಿ ತ್ರಿಕೋನಕ್ಕೂ ಒಂದು ಅರ್ಥ ಹೇಳುತ್ತಾರೆ. ಇದು ಡೇರೆ, ಇದು ಬೆಟ್ಟ, ಇದು ಬಾಣ. ಲಕೋಟ ಹೆಂಗಸರು ಆಕಾರಗಳಿಗೆ ಹೆಸರು ಇಟ್ಟಿದ್ದು ನಿಜ, ಆದರೆ ಹೆಸರು ಬೇರೆ, ಅರ್ಥ ಬೇರೆ. ಒಂದೇ ಆಕಾರಕ್ಕೆ ಇಬ್ಬರು ಎರಡು ಅರ್ಥ ಹೇಳಬಹುದು. ಹೊಲಿದವಳ ಮನಸ್ಸಿನಲ್ಲಿದ್ದದ್ದು ಹೊಲಿದವಳಿಗೇ ಗೊತ್ತು.

ಒಂದು ಮಣಿ ಬೇರೆ ಬಣ್ಣದ್ದು ಇದೆ. ಬೇಕಂತಲೇ ಮಾಡಿದ ತಪ್ಪಂತೆ, ಹೌದಾ?

'ಸ್ಪಿರಿಟ್ ಬೀಡ್' ಕಥೆ. ಮನುಷ್ಯನ ಕೆಲಸ ಪರಿಪೂರ್ಣ ಆಗಬಾರದು ಅಂತ ಒಂದು ಮಣಿ ತಪ್ಪು ಹಾಕುತ್ತಾರೆ ಅನ್ನುತ್ತಾರೆ. ಇವತ್ತಿನ ಕೆಲವು ಕಲಾವಿದರು ಹಾಗೆ ಮಾಡುವುದುಂಟು. ಆದರೆ ಹಳೆ ಚೀಲದಲ್ಲಿ ಕಂಡ ಪ್ರತಿ ಬೇರೆ ಬಣ್ಣದ ಮಣಿಗೂ ಅಧ್ಯಾತ್ಮ ಹಚ್ಚಬೇಡಿ. ಮಣಿ ಮುಗಿದಿರಬಹುದು. ಸಂಜೆಗತ್ತಲಲ್ಲಿ ಹೊಲಿದಿರಬಹುದು. ಆಮೇಲೆ ಯಾರೋ ರಿಪೇರಿ ಮಾಡಿರಬಹುದು, ಹೆಚ್ಚಿನ ಸಲ ಅದೇ.

ಇದು ಸೂ ಚೀಲವೇ, ಬೇರೆ ಬುಡಕಟ್ಟಿನದಲ್ಲ ಅಂತ ಹೇಗೆ ಹೇಳುತ್ತಾರೆ?

ಉಬ್ಬು ಪಟ್ಟಿಯ ಹೊಲಿಗೆ, ಬಿಳಿ ಅಥವಾ ತಿಳಿನೀಲಿ ಹಿನ್ನೆಲೆ, ಅದರ ಮೇಲೆ ತ್ರಿಕೋನ, ಮೆಟ್ಟಿಲು, ಕವಲಿನಂಥ ಗೆರೆಗಳು ಹರಡಿಕೊಂಡಿದ್ದರೆ ಲಕೋಟ ಅನ್ನಲು ಕಾರಣವಿದೆ. ಶೈಯನ್ ಕೆಲಸವೂ ಇದೇ ಹೊಲಿಗೆ, ಆದರೆ ಇನ್ನೂ ಬಿಗಿ, ವಿನ್ಯಾಸ ಸಂಯಮದ್ದು, ಅಡ್ಡಪಟ್ಟೆ ಜಾಸ್ತಿ. ಕ್ರೋ ಜನರದ್ದು ಸಪಾಟು, ನೇರಳೆ ಛಾಯೆ ಮತ್ತು ತಿಳಿನೀಲಿ. ಹೂಬಳ್ಳಿ ಇದ್ದರೆ ಪೂರ್ವದ ಡಕೋಟ ಅಥವಾ ಒಜಿಬ್ವೆ ಕಡೆ ಯೋಚಿಸಿ. ಆದರೆ ಈ ಜನ ಪರಸ್ಪರ ಮದುವೆಯಾದರು, ಉಡುಗೊರೆ ಕೊಟ್ಟರು, ವಿನ್ಯಾಸ ನೋಡಿ ಕಲಿತರು. ಹಾಗಾಗಿ ಒಳ್ಳೆಯ ಮ್ಯೂಸಿಯಂಗಳೂ ಎಷ್ಟೋ ಸಲ "ಬಹುಶಃ ಲಕೋಟ" ಅಂತಲೇ ಬರೆಯುತ್ತವೆ. ಅಂಗಡಿಯ ಚೀಟಿಯಲ್ಲಿ ಆ 'ಬಹುಶಃ' ಕಾಣುವುದೇ ಇಲ್ಲ.

ನಮ್ಮ ಲಂಬಾಣಿ ಚೀಲಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ಇಲ್ಲ. ಲಂಬಾಣಿ ಕೆಲಸ ಬಟ್ಟೆಯ ಮೇಲೆ, ಕನ್ನಡಿ, ಕವಡೆ, ಬಣ್ಣದ ದಾರದ್ದು.

ನಕಲಿಯನ್ನು ಹೇಗೆ ಗುರುತಿಸುವುದು?

ಮೊದಲು ಒಂದು ಮಾತು. ನಕಲು ಅಂದರೆ ಎಲ್ಲವೂ ಮೋಸ ಅಲ್ಲ. ಸಿನಿಮಾಗೆ, ವೇಷ ಹಾಕುವ ಹವ್ಯಾಸಿಗಳಿಗೆ ಮಾಡಿದ ಚೀಲಗಳಿವೆ. ಭಾರತದಲ್ಲೇ ತಯಾರಾಗಿ ಅಮೆರಿಕಕ್ಕೆ ಹೋಗುವ ಮಣಿ ಚೀಲಗಳೂ ಇವೆ. ಮಾಡಿದವರು ಅದನ್ನು ಹಳೆಯದು ಅಂದಿರಲಿಲ್ಲ. ಎರಡು ಕೈ ದಾಟಿ ಮೂರನೇ ಅಂಗಡಿಗೆ ಬರುವಷ್ಟರಲ್ಲಿ ಚೀಟಿ ಬದಲಾಗಿರುತ್ತದೆ.

ದಾರದಿಂದ ಶುರು ಮಾಡಿ, ಭೂತಗನ್ನಡಿ ಹಿಡಿಯಿರಿ. ನಿಜವಾದ ನರದ ಎಳೆ ಒರಟು, ದಪ್ಪ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಸಣ್ಣ ತುದಿ ಎದ್ದಿರುತ್ತದೆ. ಕೃತಕ ನರದ ದಾರ ಮೇಣ ಹಚ್ಚಿದಂತೆ ಇದ್ದು, ಕೂದಲಿನಂತೆ ಸೀಳುತ್ತಾ ಹೋಗುತ್ತದೆ. ಅದು 20ನೇ ಶತಮಾನದ ಎರಡನೇ ಅರ್ಧದ್ದು. ಅತಿನೇರಳೆ ಟಾರ್ಚ್ ಇದ್ದರೆ ಕತ್ತಲೆ ಕೋಣೆಯಲ್ಲಿ ಬಿಡಿ. ಈಗಿನ ಬಿಳಿ ದಾರ ನೀಲಿಯಾಗಿ ಬೆಳಗುತ್ತದೆ. ಹಾಗಂತ ಹತ್ತಿ ದಾರ ಕಂಡ ತಕ್ಷಣ ನಕಲಿ ಅನ್ನಬೇಡಿ, 1890ರ ಹೊತ್ತಿಗೆ ಹತ್ತಿ ದಾರವೂ ಬಳಕೆಗೆ ಬಂದಿತ್ತು. ದಾರಕ್ಕೆ ಬೆಂಕಿ ತಾಗಿಸಿ ನೋಡುವ ಪರೀಕ್ಷೆ ಬೇಡವೇ ಬೇಡ.

ಆಮೇಲೆ ಚರ್ಮ. ಕತ್ತರಿಸಿದ ಅಂಚಿನಲ್ಲಿ ಒಳಪದರ ನೀಲಿ-ಬೂದು ಕಂಡರೆ ಅದು ಕಾರ್ಖಾನೆಯಲ್ಲಿ ಕ್ರೋಮ್ ಹಾಕಿ ಹದ ಮಾಡಿದ್ದು. ಹಳೆಯದರಂತೆ ಕಾಣಲಿ ಅಂತ ಚಹಾದ ನೀರು, ಬೂಟ್ ಪಾಲಿಶ್ ಹಚ್ಚುತ್ತಾರೆ. ಅಂಥ ಕಲೆ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಕೊಳೆ ಹಾಗಲ್ಲ. ಕೈ ಹಿಡಿಯುವ ಕಡೆ, ಮುಚ್ಚಳ ಮಡಚುವ ಕಡೆ, ಪಕ್ಕದ ಅಂಚಿನಲ್ಲಿ ಜಾಸ್ತಿ, ಮಡಿಕೆಯ ಒಳಗೆ ಕಮ್ಮಿ.

ಮಣಿಯ ವಿಷಯ ಕೊನೆಗೆ, ಯಾಕೆಂದರೆ ಅದನ್ನು ನಂಬಿ ಮೋಸ ಹೋಗುವವರೇ ಹೆಚ್ಚು. ಹಳೆ ಮಣಿ ಸಣ್ಣದು, ಒಂದರಂತೆ ಒಂದಿಲ್ಲ. ಹೊಸವು ಅಚ್ಚಿನಿಂದ ತೆಗೆದಂತೆ ಸಮ. ಆದರೆ ಹಳೆ ಮಣಿಗಳ ಸರ ಇಂದಿಗೂ ಮಾರಾಟಕ್ಕಿವೆ. ಜಾಣ ಕೈ ಹಳೆ ಮಣಿಯಲ್ಲಿ ಹೊಸ ಚೀಲ ಹೊಲಿಯಬಲ್ಲದು. ಹಾಗಾಗಿ ಮಣಿ ಒಂದೇ ಸಾಕ್ಷಿ ಆಗದು. ಪಕ್ಕದ ಗೆಜ್ಜೆಯಂಥ ತಗಡಿನ ಕೊಳವೆಗಳನ್ನೂ ನೋಡಿ. ಹಳೆಯವನ್ನು ಡಬ್ಬಿಯ ತಗಡು ಕತ್ತರಿಸಿ ಕೈಯಲ್ಲಿ ಸುತ್ತಿರುತ್ತಾರೆ, ಒಂದೊಂದು ಒಂದೊಂದು ಅಳತೆ. ಎಲ್ಲವೂ ಒಂದೇ ಉದ್ದ, ಒಂದೇ ಹೊಳಪು ಅಂದರೆ ಪ್ಯಾಕೆಟ್ಟಿನಿಂದ ಬಂದದ್ದು.

"ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿಯಲ್ಲಿ ಸಿಕ್ಕಿದ್ದು" ಅಂತ ಹೇಳುತ್ತಿದ್ದಾರೆ. ನಂಬಬಹುದಾ?

ಕಾಗದ ತೋರಿಸಿ ಅನ್ನಿ. ಯಾರಿಂದ ಯಾರಿಗೆ, ಯಾವ ವರ್ಷ, ಪತ್ರ, ಹಳೆ ಫೋಟೊ, ರಸೀದಿ. ಇವು ಇಲ್ಲದಿದ್ದರೆ ಅದು ಕಥೆ. ಕಥೆಗೆ ದುಡ್ಡು ಕೊಡಬೇಡಿ. ಇಷ್ಟಕ್ಕೂ ಈ ಮಾತು ನಿಜವಾದರೆ ಇನ್ನೂ ಕಷ್ಟ. ಯುದ್ಧದಲ್ಲಿ ಸತ್ತವರ ಮೈಮೇಲಿನಿಂದ, ಅವರ ಡೇರೆಗಳಿಂದ ಕಿತ್ತುಕೊಂಡದ್ದನ್ನು ನೀವು ಗೋಡೆಗೆ ತೂಗುಹಾಕಬೇಕೆಂದಿದ್ದೀರಾ? ಅಂಥ ವಸ್ತುಗಳು ವಾಪಸ್ ಹೋಗುತ್ತಿವೆ. 1892ರಲ್ಲಿ ಗ್ಲಾಸ್ಗೋದ ಮ್ಯೂಸಿಯಂ ಸೇರಿದ್ದ, ವೂಂಡೆಡ್ ನೀಯದು ಎನ್ನಲಾದ ಅಂಗಿಯನ್ನು 1999ರಲ್ಲಿ ಲಕೋಟರಿಗೆ ಹಿಂದಿರುಗಿಸಿದರು. ಮ್ಯಾಸಚೂಸೆಟ್ಸ್‌ನ ಬ್ಯಾರಿ ಅನ್ನುವ ಸಣ್ಣ ಊರಿನ ಮ್ಯೂಸಿಯಂನಲ್ಲಿ, ಊರೂರು ತಿರುಗಿ ಬೂಟು ಮಾರುತ್ತಿದ್ದವನೊಬ್ಬ ಕೂಡಿಟ್ಟ ಸಾಮಾನಿತ್ತು. ಅದರಲ್ಲಿ ಸುಮಾರು 150 ವಸ್ತುಗಳು 2022ರ ನವೆಂಬರ್‌ನಲ್ಲಿ ಲಕೋಟರ ಕೈಸೇರಿದವು.

ಬೆಲೆ ಎಷ್ಟಿರಬಹುದು?

ಒಳ್ಳೆಯ ಚೀಲಕ್ಕೆ ಸಾವಿರಾರು ಡಾಲರ್. ಜೋಡಿ ಇದ್ದರೆ, ಕಾಗದ ಇದ್ದರೆ, ಚಿತ್ರವಿದ್ದರೆ ಇನ್ನೂ ಜಾಸ್ತಿ. ಮಣಿಸಾಲು ಉದುರಿದ್ದರೆ ಕಮ್ಮಿ. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ, ಫೋಟೊ ನೋಡಿ ಬೆಲೆ ಹೇಳುವುದು ಬರೀ ಹಾರಿಕೆ ಮಾತು.

ಕೊಳ್ಳುವುದು ಕಾನೂನಿಗೆ ಸರಿಯಾ?

ಮನೆಬಳಕೆಯ ಟೀಪಿ ಚೀಲವನ್ನು ಅಮೆರಿಕದಲ್ಲಿ ಕೊಳ್ಳಬಹುದು, ಮಾರಬಹುದು. ತೊಡಕಿರುವುದು ನಾಲ್ಕು ಕಡೆ. ಗೋರಿಯಿಂದ ಬಂದದ್ದು, ಇಡೀ ಸಮುದಾಯಕ್ಕೆ ಸೇರಿದ ಪವಿತ್ರ ವಸ್ತು, ಇವನ್ನು ಅಕ್ರಮವಾಗಿ ಪಡೆದು ಮಾರುವುದು 1990ರ ನ್ಯಾಗ್‌ಪ್ರಾ ಕಾನೂನಿನಡಿ ಅಪರಾಧ. ಪೈಪ್ ಚೀಲ ಕೊಳ್ಳುವ ಮುನ್ನ ಇದಕ್ಕೇ ಎರಡು ಸಲ ಯೋಚಿಸಿ. ಹದ್ದಿನ ಗರಿ ಕಟ್ಟಿದ್ದರೆ ಕೈಬಿಡಿ. 1940ರ ಕಾನೂನಿನಂತೆ ಹದ್ದಿನ ಒಂದು ಗರಿಯನ್ನೂ ಮಾರುವಂತಿಲ್ಲ, ಎಷ್ಟೇ ಹಳೆಯದಾಗಿರಲಿ. ಹೊಸದನ್ನು ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರಿದರೆ 1990ರ ಇನ್ನೊಂದು ಕಾನೂನು ಇದೆ, ಮೊದಲ ಸಲಕ್ಕೇ 2,50,000 ಡಾಲರ್‌ವರೆಗೆ ದಂಡ ಅಥವಾ ಐದು ವರ್ಷದವರೆಗೆ ಜೈಲು, ಎರಡೂ ಆಗಬಹುದು. ನಾಲ್ಕನೆಯದು ದೇಶದಾಚೆ ಸಾಗಿಸುವ ವಿಷಯ.

ಹಾಗಾದರೆ ಊರಿಗೆ ತರಬಹುದಾ?

2022ರ ಡಿಸೆಂಬರ್‌ನಲ್ಲಿ 'ಸ್ಟಾಪ್' ಕಾಯ್ದೆ ಬಂತು. ಅಕ್ರಮವಾಗಿ ಪಡೆದ ಮೂಲನಿವಾಸಿ ಪರಂಪರೆಯ ವಸ್ತುಗಳನ್ನು ಅಮೆರಿಕದಿಂದ ಹೊರಗೆ ಕಳಿಸುವುದು ಅಪರಾಧ. ನಿಮ್ಮ ಚೀಲ ಆ ಗುಂಪಿಗೆ ಸೇರದಿದ್ದರೂ ಬಿಲ್ಲು, ಹಿಂದಿನ ಮಾಲೀಕರ ವಿವರ ಜೊತೆಗಿರಲಿ. ನನ್ನ ಅಭಿಪ್ರಾಯ ಕೇಳಿದರೆ, ತರಬೇಡಿ. ಅಲ್ಲೇ ಇದ್ದರೆ ಒಂದು ದಿನ ಆ ಮನೆತನದ ಯಾರಾದರೂ ನೋಡುವ ಸಾಧ್ಯತೆಯಾದರೂ ಇರುತ್ತದೆ.

ಕೊಂಡ ಮನೆಯ ಅಟ್ಟದಲ್ಲಿ ಇಂಥ ಚೀಲ ಸಿಕ್ಕಿತು. ಹಿಂದಿರುಗಿಸಬೇಕೆಂದಿದ್ದೇವೆ. ಯಾರಿಗೆ?

ಬುಡಕಟ್ಟುಗಳಿಗೆ ತಮ್ಮದೇ ಪರಂಪರೆ ಸಂರಕ್ಷಣಾ ಕಚೇರಿಗಳಿವೆ. ಚೀಲದ ಜೊತೆ ಯಾವುದಾದರೂ ಮೀಸಲು ಪ್ರದೇಶದ ಹೆಸರು ಇದ್ದರೆ ಅಲ್ಲಿಗೇ ಬರೆಯಿರಿ. ಫೋಟೊ ಕಳಿಸಿ, ಸಿಕ್ಕ ಜಾಗ ಹೇಳಿ, ಉತ್ತರಕ್ಕೆ ಕಾಯಿರಿ. ಒಳಗೆ ಏನಾದರೂ ಇದ್ದರೆ ತೆಗೆದು ನೋಡಬೇಡಿ, ಅದು ಯಾರದೋ ಪ್ರಾರ್ಥನೆಯ ವಸ್ತು ಆಗಿರಬಹುದು.

ಈಗಾಗಲೇ ನನ್ನ ಹತ್ತಿರ ಇದೆ. ಹೇಗೆ ಇಡಬೇಕು?

ತೊಳೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚರ್ಮ ಒಣಗಿದೆ ಅಂತ ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚಬೇಡಿ, ನಮ್ಮವರಿಗೆ ಎಲ್ಲದಕ್ಕೂ ಎಣ್ಣೆಯೇ ಮದ್ದು! ಎಣ್ಣೆ ಹೀರಿದ ತೊಗಲು ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಮೇಲಿನ ಧೂಳು ತೆಗೆದರೆ ಸಾಕು.

ಮೊಳೆಗೆ ನೇತುಹಾಕಬೇಡಿ. ಗಾಜಿನ ಮಣಿ ಭಾರ, ಹಳೆ ನರದ ದಾರ ಅದನ್ನು ತಾಳದು. ಒಳಗೆ ಆಮ್ಲರಹಿತ ಟಿಶ್ಯೂ ಕಾಗದ ತುಂಬಿ, ಅಂಥದೇ ಪೆಟ್ಟಿಗೆಯಲ್ಲಿ ಮಲಗಿಸಿ. ಬಿಸಿಲು ಬೀಳಬಾರದು. ಗಾಳಿಯ ತೇವಾಂಶ 40ರಿಂದ 50 ಶೇಕಡ ಇದ್ದರೆ ಒಳ್ಳೆಯದು, ಅದಕ್ಕಿಂತಲೂ ಅದು ಪದೇ ಪದೇ ಏರಿಳಿಯದಿರುವುದು ಮುಖ್ಯ. ಮಂಗಳೂರಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಶತ್ರು, ಬೂಸ್ಟು ಖಂಡಿತ. ಡಾಂಬರು ಗುಳಿಗೆ ಹಾಕಬೇಡಿ. ತೊಗಲು, ಕೂದಲು, ನರದ ದಾರ ಎಲ್ಲವೂ ಹುಳುವಿಗೆ ಊಟವೇ, ಹಾಗಾಗಿ ಆಗಾಗ ತೆಗೆದು ನೋಡುವುದೇ ಮದ್ದು. ಪೆಟ್ಟಿಗೆಯ ತಳದಲ್ಲಿ ಸಣ್ಣ ಹಿಟ್ಟಿನಂಥ ಪುಡಿ ಕಂಡರೆ ಎಚ್ಚರ.

ಸಾಲಿನ ದಾರ ತುಂಡಾಗಿ ಮಣಿ ಉದುರಿದರೆ ಎಳೆಯಬೇಡಿ, ನೀವೇ ಹೊಲಿಯಬೇಡಿ. ಬಿದ್ದ ಮಣಿಗಳನ್ನು ಪುಟ್ಟ ಕವರಿನಲ್ಲಿ ಹಾಕಿ, ಎಲ್ಲಿಂದ ಬಿತ್ತು ಅಂತ ಬರೆದಿಡಿ. ಬೆಂಗಳೂರಿನಲ್ಲಿರುವವರು ಇಂಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವನ್ನು ಕೇಳಬಹುದು.

ಕೆಲವು ಮಣಿ ಜಿಗುಟಾಗಿದೆ, ಕೆಲವು ಕಡೆ ಹಸಿರು ಮೇಣ. ಏನಿದು?

ಜಿಗುಟು ಅಥವಾ ಬಿಳಿ ಪುಡಿ ಅಂದರೆ ಗಾಜಿನ ಕಾಯಿಲೆ. ಗಾಜು ಮಾಡುವಾಗ ಬಿದ್ದ ಕ್ಷಾರ ತೇವ ಹೀರಿ ಹೊರಗೆ ಒಸರುತ್ತದೆ. ಮಣಿ ಬಿರುಕು ಬಿಡುತ್ತದೆ, ಪಕ್ಕದ ದಾರವೂ ಹಾಳು. ಹಸಿರು ಮೇಣ ಹಿತ್ತಾಳೆ ಗುಂಡಿ, ಗಂಟೆ ಇರುವ ಕಡೆ ಬರುತ್ತದೆ. ಅದರಲ್ಲಿನ ತಾಮ್ರ ತೊಗಲಿನ ಕೊಬ್ಬಿನ ಜೊತೆ ಸೇರಿ ಆದದ್ದು. ಎರಡಕ್ಕೂ ಸಂರಕ್ಷಕರೇ ಬೇಕು.

ಬರಿಗೈಲಿ ಮುಟ್ಟಬಹುದಾ?

ಬೇಡ, ನಿಮ್ಮ ಕೈಗಾಗಿಯೇ. ಹುಳು ಹಿಡಿಯದಿರಲಿ ಅಂತ ಹಿಂದೆ ಮ್ಯೂಸಿಯಂಗಳು ಮತ್ತು ಸಂಗ್ರಾಹಕರು ಇಂಥ ವಸ್ತುಗಳಿಗೆ ಆರ್ಸೆನಿಕ್, ಪಾದರಸ, ಆಮೇಲೆ ಡಿಡಿಟಿ ಹಾಕುತ್ತಿದ್ದರು. ಅದು ಇನ್ನೂ ಇರಬಹುದು. ನೈಟ್ರೈಲ್ ಕೈಗವಸು ಹಾಕಿ, ಮಕ್ಕಳ ಕೈಗೆ ಕೊಡಬೇಡಿ, ಮೂಗಿಗೆ ಹಿಡಿದು ಹೊಗೆ ವಾಸನೆ ನೋಡುವ ಆಸೆಯನ್ನೂ ಬಿಡಿ.

ಹಳೆಯದೇ ಬೇಕಂತಿಲ್ಲ. ಇವತ್ತು ಮಾಡುವವರು ಇದ್ದಾರಾ?

ಧಾರಾಳವಾಗಿ. ಈ ಕಲೆ ಸತ್ತಿಲ್ಲ. ಪೈನ್ ರಿಜ್‌ನ ರೆಡ್ ಕ್ಲೌಡ್ ಶಾಲೆಯ ಆವರಣದ ಹೆರಿಟೇಜ್ ಸೆಂಟರ್, ಚೇಂಬರ್ಲೇನ್ ಊರಿನ ಅಕ್ತ ಲಕೋಟ ಮ್ಯೂಸಿಯಂ ಈಗಿನ ಕಲಾವಿದರ ಕೆಲಸ ಮಾರುತ್ತವೆ. ಪ್ರತಿ ಆಗಸ್ಟ್‌ನಲ್ಲಿ ಸಾಂಟಾ ಫೆ ಇಂಡಿಯನ್ ಮಾರ್ಕೆಟ್ ನಡೆಯುತ್ತದೆ. ಅಲ್ಲಿ ಹೊಲಿದವರ ಎದುರೇ ನಿಂತು ಮಾತಾಡಿ ಕೊಳ್ಳಬಹುದು. ಬೆಲೆ ಕೇಳಿ ಹೌಹಾರಬೇಡಿ. ಚೌಕಾಸಿಯೂ ಬೇಡ. ಒಂದು ಚೀಲಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬರೀ ನೋಡಬೇಕು ಅಂದರೆ?

ವಾಷಿಂಗ್ಟನ್ ಮತ್ತು ನ್ಯೂಯಾರ್ಕ್‌ನಲ್ಲಿ ನ್ಯಾಷನಲ್ ಮ್ಯೂಸಿಯಂ ಆಫ್ ದಿ ಅಮೆರಿಕನ್ ಇಂಡಿಯನ್ ಇದೆ. ಡೆನ್ವರ್ ಆರ್ಟ್ ಮ್ಯೂಸಿಯಂ, ವಯೋಮಿಂಗ್‌ನ ಕೋಡಿಯಲ್ಲಿರುವ ಬಫೆಲೋ ಬಿಲ್ ಸೆಂಟರ್, ರ‍್ಯಾಪಿಡ್ ಸಿಟಿಯ ಸೂ ಇಂಡಿಯನ್ ಮ್ಯೂಸಿಯಂ ಕೂಡ ಒಳ್ಳೆಯವು. ಮೌಂಟ್ ರಶ್‌ಮೋರ್ ನೋಡಲು ಹೋಗುವ ನಮ್ಮವರು ರ‍್ಯಾಪಿಡ್ ಸಿಟಿಯಲ್ಲೇ ಉಳಿದುಕೊಳ್ಳುತ್ತಾರೆ, ಎರಡು ಗಂಟೆ ಇದಕ್ಕೂ ಇಡಿ. ಊರಲ್ಲಿರುವವರಿಗೆ ಈ ಮ್ಯೂಸಿಯಂಗಳಲ್ಲಿ ಹಲವು ಆನ್‌ಲೈನ್‌ನಲ್ಲಿ ದೊಡ್ಡ ಫೋಟೊ ಹಾಕಿವೆ. ಹಿಗ್ಗಿಸಿ ನೋಡಿದರೆ ಒಂದೊಂದು ಮಣಿಯೂ ಕಾಣುತ್ತದೆ.

ತಿಳಿದವರಿಗೆ ಫೋಟೊ ಕಳಿಸಬೇಕು. ಹೇಗೆ ತೆಗೆಯಲಿ?

ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಮುಂದೆ, ಹಿಂದೆ, ಎರಡು ಪಕ್ಕ, ಮುಚ್ಚಳ ತೆರೆದು ಒಳಭಾಗ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ದಾರ ಹರಿದ ಜಾಗ ಇದ್ದರೆ ಅದನ್ನು ಅತಿ ಹತ್ತಿರದಿಂದ ತೆಗೆಯಿರಿ. ಸುಂದರವಾಗಿ ಕಾಣುವ ಮುಂಭಾಗಕ್ಕಿಂತ ಜಾಸ್ತಿ ಸುದ್ದಿ ಅಲ್ಲೇ ಸಿಗುತ್ತದೆ. ಜೊತೆಗೆ ಬಂದ ಚೀಟಿ, ಲಕೋಟೆ, ಪೆಟ್ಟಿಗೆಯ ಮೇಲಿನ ಬರಹ ಎಷ್ಟೇ ಮಾಸಿದ್ದರೂ ಅದರದ್ದೂ ಒಂದು ಫೋಟೊ ಇರಲಿ, ಎಸೆಯಬೇಡಿ.